ಜೋಳದ ನಾಡಿನಿಂದ ಅಕ್ಕಿಯ ದ್ವೀಪಕ್ಕೆ: ಫಿಲಿಪೈನ್ಸ್‌ಗೆ ಓದಲು ಹೋದವರ ಮೊದಲ ದಿನಗಳು

ಅಕ್ಕಲಕೋಟೆ: ಬಾರಾವಿ ಪರೀಕ್ಷೆ ಮುಗಿದು ನೀಟ್ ಫಲಿತಾಂಶ ಬಂತೆಂದರೆ ಗಡಿಭಾಗದ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ. ಸೊಲ್ಲಾಪುರದ ಡಾ. ವೈಶಂಪಾಯನ ಸ್ಮಾರಕ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಗುವಷ್ಟು ಅಂಕ ಬಂದಿಲ್ಲ. ಖಾಸಗಿ ಕಾಲೇಜಿನ ಶುಲ್ಕ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆಗ ಯಾರೋ ಒಬ್ಬರು ಫಿಲಿಪೈನ್ಸ್ ಹೆಸರು ಹೇಳುತ್ತಾರೆ. ಅಲ್ಲಿ ಪಾಠ ಇಂಗ್ಲಿಷಿನಲ್ಲಿ, ಹವೆ ನಮ್ಮಂಥದೇ, ಖರ್ಚೂ ಕಡಿಮೆ ಎಂಬ ಮಾತು ಕಿವಿಗೆ ಬೀಳುತ್ತದೆ. ಮನೆಯ ಹಿರಿಯರು ಹೊಲದ ಉತಾರ ತೆಗೆಸಲು ತಲಾಠಿ ಕಚೇರಿಗೆ ಹೋಗುತ್ತಾರೆ.

ಹೊಲ ಅಡವಿಟ್ಟು, ಸಾಲ ಮಾಡಿ ಮಗನನ್ನೋ ಮಗಳನ್ನೋ ಕಳಿಸುವ ಮನೆಯವರಿಗೆ ಅಲ್ಲಿಗೆ ಹೋದ ಮೇಲೆ ಮೊದಲ ಹತ್ತು ಹದಿನೈದು ದಿನ ಏನಾಗುತ್ತದೆ ಎಂಬುದನ್ನು ಹೇಳುವವರು ಕಡಿಮೆ. ವಿಮಾನ ಹತ್ತುವತನಕದ ಮಾತನ್ನು ಏಜಂಟರು ಹೇಳುತ್ತಾರೆ. ಇಳಿದ ಮೇಲಿನದ್ದು ಹುಡುಗರ ಪಾಲಿಗೆ ಬಿಟ್ಟದ್ದು. ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಏಳು ಸಾವಿರ ದ್ವೀಪಗಳ ದೇಶ

ಫಿಲಿಪೈನ್ಸ್ ಒಂದೇ ದ್ವೀಪವಲ್ಲ. 7,641 ದ್ವೀಪಗಳು ಸೇರಿ ಆದ ದೇಶ. ಉತ್ತರದಲ್ಲಿ ಲುಝೋನ್, ನಡುವೆ ವಿಸಾಯಾಸ್, ದಕ್ಷಿಣದಲ್ಲಿ ಮಿಂಡನಾವೊ ಎಂದು ಮೂರು ಭಾಗ. ರಾಜಧಾನಿ ಮನಿಲಾ ಲುಝೋನ್‌ನಲ್ಲಿದೆ. ಸೆಬು ನಗರ ವಿಸಾಯಾಸ್‌ನಲ್ಲಿ, ದಾವಾವೊ ನಗರ ಮಿಂಡನಾವೊದಲ್ಲಿ. ಭಾರತದ ವೈದ್ಯ ವಿದ್ಯಾರ್ಥಿಗಳು ಹೆಚ್ಚಾಗಿ ಸೇರುವುದು ಈ ಮೂರು ಕಡೆ. ಮನಿಲಾದಿಂದ ದಾವಾವೊಗೆ ಹೋಗಲು ಮತ್ತೆ ವಿಮಾನವನ್ನೇ ಹತ್ತಬೇಕು. ಹೀಗಾಗಿ ಮಗ ಫಿಲಿಪೈನ್ಸ್‌ನಲ್ಲಿದ್ದಾನೆ ಎಂದರೆ ಸಾಲದು, ಯಾವ ದ್ವೀಪ, ಯಾವ ಊರು ಎಂಬುದು ಮನೆಯವರಿಗೆ ಗೊತ್ತಿರಬೇಕು. ಟೀವಿಯಲ್ಲಿ ಬಿರುಗಾಳಿಯ ಸುದ್ದಿ ಬಂದಾಗ ಇದರ ಬೆಲೆ ತಿಳಿಯುತ್ತದೆ.

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಇಲ್ಲಿ ರಾತ್ರಿ 8 ಆದಾಗ ಅಲ್ಲಿ 10.30. ದೀಪ ಹಚ್ಚಿ, ಊಟ ಮುಗಿಸಿ ನಿಧಾನಕ್ಕೆ ಫೋನ್ ಮಾಡೋಣ ಎಂದರೆ ಹುಡುಗರು ನಿದ್ದೆಗಣ್ಣಿನಲ್ಲಿರುತ್ತಾರೆ. ಇಲ್ಲಿ ಸಂಜೆ 5ರಿಂದ 6ರ ಹೊತ್ತು ಇಬ್ಬರಿಗೂ ಅನುಕೂಲ.

ಹೊರಡುವ ಮೊದಲು ನೋಡಬೇಕಾದ ಕಾಗದ

ಮೊದಲ ದಿನಗಳ ಅರ್ಧ ತೊಂದರೆಗಳು ಊರಲ್ಲೇ ಹುಟ್ಟಿದವು. ಅದರಲ್ಲಿ ದೊಡ್ಡದು ಕೋರ್ಸಿನ ಅವಧಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರ್ 18ರಂದು ಹೊರಡಿಸಿದ ನಿಯಮದಂತೆ ವಿದೇಶದಲ್ಲಿ ಓದಿ ಬಂದು ಭಾರತದಲ್ಲಿ ವೈದ್ಯರಾಗಬೇಕಾದರೆ ಕೋರ್ಸ್ ಕನಿಷ್ಠ 54 ತಿಂಗಳಿನದ್ದಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಪಾಠ ಇಂಗ್ಲಿಷಿನಲ್ಲೇ ಇರಬೇಕು. ಆ ದೇಶದ ಪ್ರಜೆಗೆ ಸಿಗುವಂಥದ್ದೇ ವೈದ್ಯ ಪರವಾನಗಿಗೆ ಅರ್ಹತೆ ಇರಬೇಕು. ಸೇರಿದ ದಿನದಿಂದ 10 ವರ್ಷದೊಳಗೆ ಎಲ್ಲ ಮುಗಿಯಬೇಕು. ನೀಟ್ ಪಾಸಾಗಿರುವುದಂತೂ ಕಡ್ಡಾಯ.

ಫಿಲಿಪೈನ್ಸ್‌ನ ಪದ್ಧತಿ ನಮ್ಮದಕ್ಕಿಂತ ಬೇರೆ. ಅಲ್ಲಿ ಮೊದಲು ಬಿ.ಎಸ್. ಎಂಬ ಪೂರ್ವ ಪದವಿ, ಆಮೇಲೆ ಎನ್‌ಮ್ಯಾಟ್ ಎಂಬ ಪ್ರವೇಶ ಪರೀಕ್ಷೆ, ಅದಾದ ಮೇಲೆ ನಾಲ್ಕು ವರ್ಷದ ಎಂ.ಡಿ. ಅಲ್ಲಿನ ಎಂ.ಡಿ. ಎಂದರೆ ನಮ್ಮ ಎಂಬಿಬಿಎಸ್ ಮಟ್ಟದ ಮೊದಲ ವೈದ್ಯ ಪದವಿ. ನಮ್ಮಲ್ಲಿ ಎಂಬಿಬಿಎಸ್ ಆದ ಮೇಲೆ ಮಾಡುವ ಎಂ.ಡಿ. ಅಲ್ಲ. ನಾಲ್ಕು ವರ್ಷ ಎಂದರೆ 48 ತಿಂಗಳು. ಬೇಕಾದದ್ದು 54. ಉಳಿದ ತಿಂಗಳುಗಳನ್ನು ಕಾಲೇಜು ಯಾವ ಪಾಠದಲ್ಲಿ ತುಂಬಿಕೊಡುತ್ತದೆ, ಇಂಟರ್ನ್‌ಶಿಪ್ ಎಲ್ಲಿ, ಪರವಾನಗಿಯ ವ್ಯವಸ್ಥೆ ಏನು ಎಂಬ ಪ್ರಶ್ನೆಗಳಿಗೆ ಕಾಲೇಜಿನಿಂದಲೇ ಬರೆಹದಲ್ಲಿ ಉತ್ತರ ಪಡೆದು, ಅದನ್ನು ಆಯೋಗದ ನಿಯಮದ ಜೊತೆ ಇಟ್ಟು ನೋಡಿಯೇ ಹಣ ಕಟ್ಟಬೇಕು. ಏಜಂಟರ ಬಾಯಿಮಾತು ಆರು ವರ್ಷದ ನಂತರ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ.

ತಿರುಗಿ ಬಂದ ಮೇಲೆ ಎಫ್‌ಎಂಜಿಇ ಎಂಬ ಪರೀಕ್ಷೆ ಇದೆ. 300 ಪ್ರಶ್ನೆ, ಪಾಸಾಗಲು 150 ಬೇಕು. ಈಚಿನ ಹಲವು ಪರೀಕ್ಷೆಗಳಲ್ಲಿ ಕುಳಿತ ಹತ್ತು ಜನರಲ್ಲಿ ಎರಡು ಮೂರು ಜನರೇ ಪಾಸಾಗಿದ್ದಾರೆ. ಇದು ಹೆದರಿಸಲು ಹೇಳುವ ಮಾತಲ್ಲ. ಹೊಲ ಅಡವಿಡುವವರು ಲೆಕ್ಕ ತಿಳಿದು ಇಡಲಿ ಎಂದು ಹೇಳುವ ಮಾತು.

ಇನ್ನು ವೀಸಾ. ಫಿಲಿಪೈನ್ಸ್ ಸರಕಾರ 2025ರ ಜೂನ್ ತಿಂಗಳಿನಿಂದ ಭಾರತೀಯರಿಗೆ 14 ದಿನ ವೀಸಾ ಇಲ್ಲದೆ ಬಂದುಹೋಗಲು ಅವಕಾಶ ಕೊಟ್ಟಿತು. ಈ ಸುದ್ದಿ ಕೇಳಿ, ಹೀಗೇ ಹೋಗಿ ಅಲ್ಲೇ ಕಾಲೇಜು ಸೇರೋಣ ಎಂದುಕೊಳ್ಳುವುದು ತಪ್ಪು. ಅದು ಪ್ರವಾಸಿಗಳಿಗೆ ಕೊಟ್ಟ ಸವಲತ್ತು. ಆ 14 ದಿನವನ್ನು ಮುಂದುವರಿಸಲೂ ಬರುವುದಿಲ್ಲ, ಬೇರೆ ವೀಸಾಕ್ಕೆ ಬದಲಿಸಲೂ ಬರುವುದಿಲ್ಲ. ಪದವಿ ಓದುವ 18 ವರ್ಷ ಮೇಲ್ಪಟ್ಟ ವಿದ್ಯಾರ್ಥಿಗೆ ಇರುವುದು 9(ಎಫ್) ಎಂಬ ವಿದ್ಯಾರ್ಥಿ ವೀಸಾ.

ಇಳಿದ ದಿನ

ವಿಮಾನ ಇಳಿಯುವ ಮೊದಲಿನ 72 ಗಂಟೆಯೊಳಗೆ ಇ-ಟ್ರಾವೆಲ್ ಎಂಬ ಸರಕಾರಿ ತಾಣದಲ್ಲಿ ಹೆಸರು ನೋಂದಾಯಿಸಬೇಕು. ಇದು ಪೂರ್ತಿ ಉಚಿತ. ಹಣ ಕೇಳುವ ತಾಣ ನಕಲಿ ಎಂದು ತಿಳಿಯಬೇಕು. ನೋಂದಣಿ ಆದ ಮೇಲೆ ಬರುವ ಚೌಕದ ಗುರುತನ್ನು ಫೋನಿನಲ್ಲಿ ಉಳಿಸಿಕೊಳ್ಳಬೇಕು. ಒಂದು ಪ್ರತಿಯನ್ನು ಕಾಗದದಲ್ಲೂ ಇಟ್ಟುಕೊಂಡರೆ ಒಳ್ಳೆಯದು. ಫೋನಿನ ಬ್ಯಾಟರಿ ಮುಗಿಯುವುದು ಸಾಮಾನ್ಯವಾಗಿ ಅಂಥ ಹೊತ್ತಿನಲ್ಲೇ.

ವಲಸೆ ಅಧಿಕಾರಿ ಪಾಸ್‌ಪೋರ್ಟ್, ವೀಸಾ, ಕಾಲೇಜಿನ ಪ್ರವೇಶ ಪತ್ರ, ಉಳಿಯುವ ವಿಳಾಸ ಕೇಳಬಹುದು. ಈ ಕಾಗದಗಳು ಕೈಚೀಲದಲ್ಲಿ ಇರಬೇಕು, ದೊಡ್ಡ ಪೆಟ್ಟಿಗೆಯಲ್ಲಲ್ಲ. ಗುಂಪಿನಲ್ಲಿ ಹೋದವರು ಎಲ್ಲರ ಕಾಗದವನ್ನೂ ಒಬ್ಬರ ಕೈಯಲ್ಲಿ ಕೊಡಬಾರದು. ಕೇಳಿದ್ದಕ್ಕೆ ಚಿಕ್ಕದಾಗಿ, ನಿಜವಾಗಿ ಉತ್ತರಿಸಿದರೆ ಸಾಕು.

ಅಲ್ಲಿನ ಹಣ ಪೆಸೊ. ಒಂದು ಪೆಸೊ ಎಂದರೆ ಹೆಚ್ಚು ಕಡಿಮೆ ಒಂದೂವರೆ ರೂಪಾಯಿ. ಅಂಗಡಿಯಲ್ಲಿ 100 ಎಂದು ಬರೆದಿದ್ದರೆ ಮನಸ್ಸಿನಲ್ಲಿ 150 ಎಂದು ಓದಿಕೊಳ್ಳಬೇಕು. ಮೊದಲ ವಾರ ಈ ಲೆಕ್ಕ ಮರೆತವರ ತಿಂಗಳ ಖರ್ಚು ಹದಿನೈದೇ ದಿನಕ್ಕೆ ಮುಗಿಯುತ್ತದೆ.

ಸಿಮ್ ಕಾರ್ಡಿನ ವಿಷಯದಲ್ಲಿ ಒಂದು ಎಚ್ಚರ. 2022ರಲ್ಲಿ ಬಂದ ಕಾಯ್ದೆಯಂತೆ ಅಲ್ಲಿ ಎಲ್ಲ ಸಿಮ್ ನೋಂದಣಿ ಆಗಲೇಬೇಕು. ಪ್ರವಾಸಿ ಎಂದು ನೋಂದಾಯಿಸಿದ ಸಿಮ್ 30 ದಿನ ಮಾತ್ರ ನಡೆಯುತ್ತದೆ. ತಿಂಗಳು ತುಂಬಿದ ದಿನ ಮಗಳ ಫೋನ್ ಹತ್ತುತ್ತಿಲ್ಲ ಎಂದು ಮನೆಯವರು ಗಾಬರಿಯಾಗಲು ಇಷ್ಟು ಸಾಕು. ಕಾಲೇಜಿನ ದಾಖಲಾತಿ ಪತ್ರ ಕೈಗೆ ಬಂದೊಡನೆ ವಿದ್ಯಾರ್ಥಿ ಎಂದು ನೋಂದಾಯಿಸಿಕೊಳ್ಳಬೇಕು. ಊರಿನ ಸಿಮ್ಮನ್ನೂ ಚಾಲೂ ಇಡಬೇಕು. ಬ್ಯಾಂಕಿನ ಒಟಿಪಿ ಅದಕ್ಕೇ ಬರುತ್ತದೆ.

ಅಲ್ಲಿ ವಿದ್ಯುತ್ತು 220 ವೋಲ್ಟ್, ನಮ್ಮ ಚಾರ್ಜರ್ ನಡೆಯುತ್ತದೆ. ಆದರೆ ಗೋಡೆಯ ತೂತು ಚಪ್ಪಟೆ ಎರಡು ಕಡ್ಡಿಯದ್ದು. ಅದಕ್ಕೆ ಹೊಂದುವ ಪಿನ್ನನ್ನು ಸೊಲ್ಲಾಪುರದಲ್ಲೇ ಕೊಂಡೊಯ್ದರೆ ಮೊದಲ ರಾತ್ರಿಯ ಪೇಚಾಟ ತಪ್ಪುತ್ತದೆ.

ಸೆಕೆ ಬೇರೆ, ಬಿಸಿಲು ಬೇರೆ

ಸೊಲ್ಲಾಪುರದ ಬೇಸಿಗೆಯಲ್ಲಿ 43, 44 ಡಿಗ್ರಿ ಕಂಡವರಿಗೆ ಮನಿಲಾದ 33 ಡಿಗ್ರಿ ಯಾವ ಲೆಕ್ಕ ಎನಿಸಬಹುದು. ಇಳಿದ ಮೇಲೆ ಗೊತ್ತಾಗುವುದು ಬೇರೆ. ನಮ್ಮದು ಒಣ ಬಿಸಿಲು. ಬೆವರು ಬಂದೊಡನೆ ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಬೇವಿನ ನೆರಳಿಗೆ ಬಂದರೆ ಹಾಯೆನಿಸುತ್ತದೆ. ಅಲ್ಲಿ ಸುತ್ತಲೂ ಸಮುದ್ರ, ಗಾಳಿಯಲ್ಲೇ ನೀರು. ಬೆವರು ಆರುವುದಿಲ್ಲ. ನೆರಳಲ್ಲೂ ಮೈ ಜಿಗುಟು, ರಾತ್ರಿಯೂ ಸೆಕೆ. ಮೊದಲ ವಾರ ತಲೆನೋವು, ಸುಸ್ತು ಬಂದರೆ ಆಶ್ಚರ್ಯವಿಲ್ಲ. ಆಗಾಗ ನೀರು ಕುಡಿಯಬೇಕು, ನಡುನಡುವೆ ಉಪ್ಪು ಸಕ್ಕರೆ ಬೆರೆಸಿದ ನೀರು. ಜೀನ್ಸ್ ಪ್ಯಾಂಟು ನಾಲ್ಕು ಒಯ್ಯುವ ಬದಲು ತೆಳು ಹತ್ತಿ ಬಟ್ಟೆ ಒಯ್ಯಬೇಕು. ಒದ್ದೆ ಬಟ್ಟೆ ಎರಡು ದಿನವಾದರೂ ಒಣಗದು.

ಕುಡಿಯುವ ನೀರನ್ನು ನಲ್ಲಿಯಿಂದ ನೇರ ಕುಡಿಯುವುದು ಬೇಡ. ಓಣಿ ಓಣಿಗೂ ಶುದ್ಧ ನೀರು ತುಂಬಿಕೊಡುವ ಅಂಗಡಿಗಳಿವೆ. ಡೆಂಗಿ ಜ್ವರ ಅಲ್ಲಿ ಹೆಚ್ಚು, ಸೊಳ್ಳೆ ಪರದೆ ಮರೆಯಬಾರದು. ಮಳೆ ನಿಂತು ರಸ್ತೆಯಲ್ಲಿ ನೀರು ತುಂಬಿದಾಗ ಬರಿಗಾಲಲ್ಲಿ ಇಳಿಯಬಾರದು. ಇಲಿಜ್ವರ ಹರಡುವುದು ಆ ನೀರಿನಿಂದಲೇ.

ಬಿರುಗಾಳಿ ಮತ್ತು ಭೂಕಂಪ

ಫಿಲಿಪೈನ್ಸ್‌ನ ಹದ್ದಿಗೆ ವರ್ಷಕ್ಕೆ ಸರಾಸರಿ 20 ಚಂಡಮಾರುತಗಳು ಬರುತ್ತವೆ. 2013ರ ನವೆಂಬರ್‌ನಲ್ಲಿ ಬಂದ ಹೈಯಾನ್ ಚಂಡಮಾರುತದಲ್ಲಿ 6 ಸಾವಿರಕ್ಕೂ ಹೆಚ್ಚು ಜನ ಸತ್ತರು. ಮಳೆ ಗಾಳಿಯ ಕಾಲ ಸಾಮಾನ್ಯವಾಗಿ ಜೂನ್‌ನಿಂದ ನವೆಂಬರ್‌ವರೆಗೆ. ಹವಾಮಾನ ಇಲಾಖೆಯ ಹೆಸರು ಪಗಾಸಾ. ಅದು ಒಂದರಿಂದ ಐದರವರೆಗೆ ಸಂಕೇತದ ಅಂಕಿ ಹೊರಡಿಸುತ್ತದೆ. ಅಂಕಿ ಏರಿದಷ್ಟೂ ಗಾಳಿ ಜೋರು. ಹುಡುಗರು ಮೊದಲ ವಾರದಲ್ಲೇ ಈ ಅಂಕಿಯ ಅರ್ಥ ಕಲಿಯಬೇಕು. ದಕ್ಷಿಣದ ದಾವಾವೊಗೆ ಚಂಡಮಾರುತ ಅಪರೂಪ. ಅದು ಭೂಮಧ್ಯ ರೇಖೆಗೆ ಹತ್ತಿರ ಇರುವುದೇ ಕಾರಣ.

ಆದರೆ ಭೂಕಂಪಕ್ಕೆ ಉತ್ತರ ದಕ್ಷಿಣ ಎಂಬ ಭೇದವಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ನಡುಗಿದ್ದನ್ನು ಅಕ್ಕಲಕೋಟೆ ಸೀಮೆಯ ಹಿರಿಯರು ಮರೆತಿಲ್ಲ. ಅದೇ ಸೆಪ್ಟೆಂಬರ್ 30ರಂದು, 2025ರಲ್ಲಿ, ಸೆಬು ದ್ವೀಪದಲ್ಲಿ 6.9 ಪ್ರಮಾಣದ ಭೂಕಂಪ ಆಯಿತು. ಹತ್ತು ದಿನ ಬಿಟ್ಟು ಅಕ್ಟೋಬರ್ 10ರಂದು ದಾವಾವೊ ಭಾಗದ ಕಡಲಲ್ಲಿ 7.4 ಪ್ರಮಾಣದ್ದು. ಕಿಲ್ಲಾರಿಯಲ್ಲಿ ಹೆಚ್ಚು ಜನ ಸತ್ತದ್ದು ಮಲಗಿದ್ದಾಗ ಕಲ್ಲು ಮಣ್ಣಿನ ಭಾರದ ಮನೆಗಳು ಮೇಲೆ ಬಿದ್ದುದರಿಂದ. ಫಿಲಿಪೈನ್ಸ್‌ನ ಶಾಲೆ ಕಾಲೇಜುಗಳಲ್ಲಿ ಭೂಕಂಪದ ಕವಾಯತು ಆಗಾಗ ನಡೆಯುತ್ತದೆ. ಬಗ್ಗು, ಮೇಜಿನ ಕೆಳಗೆ ಸೇರು, ಗಟ್ಟಿಯಾಗಿ ಹಿಡಿದುಕೋ, ಇಷ್ಟೇ ಪಾಠ. ಇದನ್ನು ಆಟ ಎಂದು ತಿಳಿಯಬಾರದು. ಕಡಲ ಹತ್ತಿರ ಇದ್ದವರು ನೆಲ ಜೋರಾಗಿ ನಡುಗಿದರೆ ಎತ್ತರದ ಜಾಗಕ್ಕೆ ಹೋಗಬೇಕು. ತುರ್ತು ಸಹಾಯದ ಸಂಖ್ಯೆ 911.

ಊಟದ ಪ್ರಶ್ನೆ

ಗಡಿಭಾಗದ ಹುಡುಗರು ಹೆಚ್ಚು ಕಂಗಾಲಾಗುವುದು ಊಟದಲ್ಲಿ. ಅಲ್ಲಿ ಮೂರು ಹೊತ್ತೂ ಅನ್ನ. ಜೊತೆಗೆ ಮೀನು, ಕೋಳಿ, ಹಂದಿಮಾಂಸ. ಲಿಂಗಾಯತರ ಮನೆಯ ಹುಡುಗಿ ಕಾಯಿಪಲ್ಲೆ ಇದೆ ಎಂದು ನಂಬಿ ತಟ್ಟೆ ಹಿಡಿದರೆ ಅದರಲ್ಲೂ ಬಾಗೂಂಗ್ ಎಂಬ ಸಿಗಡಿಯ ಹಿಟ್ಟೋ, ಪಾತಿಸ್ ಎಂಬ ಮೀನಿನ ರಸವೋ ಬೆರೆತಿರಬಹುದು. ಬರೀ ಮಾಂಸ ಬೇಡ ಎಂದರೆ ಸಾಲದು. ಮೀನು, ಸಿಗಡಿ, ಮೀನಿನ ರಸ ಎಂದು ಒಂದೊಂದನ್ನೂ ಹೆಸರು ಹಿಡಿದು ಕೇಳಬೇಕು.

ಸಮಾಧಾನದ ಸಂಗತಿಯೂ ಇದೆ. ಅಲ್ಲಿನ ಸಂತೆಗೆ ಹೋದರೆ ಕಾಣುವುದೆಲ್ಲ ನಮ್ಮ ಕಾಯಿಪಲ್ಲೆಯೇ. ಬದನೆಗೆ ತಾಲೋಂಗ್ ಎನ್ನುತ್ತಾರೆ, ಹಾಗಲಕ್ಕೆ ಅಂಪಲಾಯಾ, ಹುಣಸೆಗೆ ಸಂಪಾಲೋಕ್. ಹೆಸರುಕಾಳಿಗೆ ಮುಂಗ್ಗೋ, ನುಗ್ಗೆಸೊಪ್ಪಿಗೆ ಮಲುಂಗ್ಗಾಯ್. ಬೆಂಡೆಕಾಯಿ ಇದೆ, ಅಲಸಂದೆ ಇದೆ. ಸೆಬು ಕಡೆಯಲ್ಲಿ ಬಿಳಿ ಮೆಕ್ಕೆಜೋಳದ ನುಚ್ಚನ್ನು ಅನ್ನದಂತೆ ಬೇಯಿಸಿ ಉಣ್ಣುವ ರೂಢಿ ಇದೆ. ನುಚ್ಚು ಉಂಡು ಬೆಳೆದವರಿಗೆ ಅದು ಹೊಸದಲ್ಲ. ಮಜ್ಜಿಗೆ ಮಾತ್ರ ಸುಲಭಕ್ಕೆ ಸಿಗದು.

ಮೊದಲ ಹತ್ತು ದಿನಕ್ಕೆ ಬುತ್ತಿ ಕಟ್ಟಿಕೊಡುವುದು ಒಳ್ಳೆಯದು. ಸೊಲ್ಲಾಪುರದ ಶೇಂಗಾ ಚಟ್ನಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಕಡಕ್ ರೊಟ್ಟಿ ಕೆಡದೆ ಉಳಿಯುತ್ತವೆ. ಚೆನ್ನಾಗಿ ಮುಚ್ಚಿದ ಪ್ಯಾಕೆಟ್ಟಿನಲ್ಲಿ ಒಯ್ಯಬೇಕು, ಇಲ್ಲವಾದರೆ ಅಲ್ಲಿನ ತೇವಕ್ಕೆ ಕಡಕ್ ರೊಟ್ಟಿ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ. ಬೀಜ, ಸಸಿ, ಹಣ್ಣು, ಹಸಿ ಕಾಯಿಪಲ್ಲೆ ಒಯ್ಯಲು ಅನುಮತಿ ಬೇಕು. ಅವನ್ನು ಬಿಡುವುದೇ ಲೇಸು. ಬುತ್ತಿ ಮುಗಿಯುವುದರೊಳಗೆ ಹುಡುಗರು ನಾಲ್ಕು ಜನ ಸೇರಿ ಒಂದು ಕುಕ್ಕರ್ ಕೊಂಡು ಬೇಳೆ ಅನ್ನ ಮಾಡಿಕೊಳ್ಳುವುದನ್ನು ಕಲಿತರೆ ಅರ್ಧ ಗೆದ್ದಂತೆ. ಗಂಡುಮಕ್ಕಳಿಗೂ ಹೊರಡುವ ಮೊದಲು ಅವ್ವ ಬೇಳೆ ಬೇಯಿಸುವುದನ್ನು ಕಲಿಸಿ ಕಳಿಸಬೇಕು.

ಮಾತು: ಗಡಿಯವರಿಗೆ ಸುಲಭ

ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸಿನಿಮಾದಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಬೆಳೆದ ದುಧನಿ, ಮೈಂದರ್ಗಿ, ನಾಗಣಸೂರ ಕಡೆಯ ಮಕ್ಕಳಿಗೆ ಐದನೆಯ ಭಾಷೆ ದೊಡ್ಡ ಭಾರವಲ್ಲ. ಫಿಲಿಪೈನ್ಸ್‌ನಲ್ಲಿ ಇಂಗ್ಲಿಷ್ ಆಡಳಿತ ಭಾಷೆ, ಪಾಠವೂ ಅದರಲ್ಲೇ. ಆದರೆ ಆಸ್ಪತ್ರೆಗೆ ಬರುವ ರೋಗಿ ಇಂಗ್ಲಿಷಿನಲ್ಲಿ ನೋವು ಹೇಳುವುದಿಲ್ಲ. ಮನಿಲಾದಲ್ಲಿ ತಗಾಲೋಗ್, ಸೆಬು ಮತ್ತು ದಾವಾವೊಗಳಲ್ಲಿ ಬಿಸಾಯಾ ಬೇಕು. ಮೊದಲ ದಿನದಿಂದ ದಿನಕ್ಕೆ ಐದು ಶಬ್ದ ಕಲಿತವರು ಮುಂದೆ ವಾರ್ಡಿನಲ್ಲಿ ಪರದಾಡುವುದಿಲ್ಲ.

ತಗಾಲೋಗ್‌ನಲ್ಲಿ ನಮ್ಮ ಶಬ್ದಗಳೂ ಅಡಗಿವೆ. ಗುರೋ ಎಂದರೆ ಗುರು, ಮುಖಾ ಎಂದರೆ ಮುಖ, ಆಸಾ ಎಂದರೆ ಆಸೆ, ದಿವಾತಾ ಎಂದರೆ ದೇವತೆ. ಶತಮಾನಗಳ ಹಿಂದೆ ಸಂಸ್ಕೃತದಿಂದ ಕಡಲ ದಾರಿಯಲ್ಲಿ ಹೋದ ಶಬ್ದಗಳಿವು. ಲುಝೋನ್‌ನ ಲಗುನಾದಲ್ಲಿ ಸಿಕ್ಕ ಒಂದು ತಾಮ್ರಪಟದಲ್ಲಿ ಕಾಲವನ್ನು ಶಕ ವರ್ಷ 822 ಎಂದು ಬರೆದಿದೆ, ಅಂದರೆ ಕ್ರಿ.ಶ. 900. ಸೊಲ್ಲಾಪುರದ ಪಂಚಾಂಗದಲ್ಲಿ ಇಂದಿಗೂ ನಡೆಯುವ ಶಕೆಯೇ ಅದು.

ಹಿರಿಯರೊಡನೆ ಮಾತಾಡುವಾಗ ತಗಾಲೋಗ್‌ನವರು ಪೋ ಎಂದು ಸೇರಿಸುತ್ತಾರೆ. ಅದು ನಮ್ಮ ‘ರೀ’ ಇದ್ದಂತೆ. ಓಪೋ ಎಂದರೆ ಹೌದ್ರಿ. ಅಣ್ಣನಿಗೆ ಕುಯಾ, ಅಕ್ಕನಿಗೆ ಆತೆ. ಅಂಗಡಿಯವನನ್ನೂ ರಿಕ್ಷಾದವನನ್ನೂ ಕುಯಾ ಎಂದು ಕರೆದರೆ ಮುಖ ಅರಳುತ್ತದೆ. ಹಿರಿಯರ ಕೈಯನ್ನು ತಮ್ಮ ಹಣೆಗೆ ಮುಟ್ಟಿಸಿ ನಮಸ್ಕರಿಸುವ ಪದ್ಧತಿಯೂ ಇದೆ. ಒಂದು ಶಬ್ದ ಮಾತ್ರ ಮೊದಲು ನಗು ತರಿಸುತ್ತದೆ. ತಗಾಲೋಗ್‌ನಲ್ಲಿ ‘ಹಿಂದಿ’ ಎಂದರೆ ‘ಅಲ್ಲ’ ಎಂದರ್ಥ.

ಇನ್ನೊಂದು ಶಬ್ದಕ್ಕೆ ಸಿಟ್ಟಾಗಬಾರದು. ಭಾರತೀಯರನ್ನು ಅಲ್ಲಿನ ಜನ ಬುಂಬೈ ಎನ್ನುತ್ತಾರೆ. ಮುಂಬೈಯ ಹಳೆಯ ಹೆಸರಿನಿಂದ ಬಂದದ್ದು. ಐದು ಕೊಟ್ಟು ಆರು ವಸೂಲಿ ಮಾಡುವ ಬಡ್ಡಿ ವ್ಯವಹಾರ ಮಾಡಿಕೊಂಡಿದ್ದ ಪಂಜಾಬಿಗಳಿಂದಾಗಿ ಆ ಹೆಸರಿಗೆ ಸ್ವಲ್ಪ ಚೇಷ್ಟೆಯ ಅರ್ಥವೂ ಅಂಟಿಕೊಂಡಿದೆ. ಉಳ್ಳಾಗಡ್ಡಿಗೂ ಅಲ್ಲಿ ಸಿಬುಯಾಸ್ ಬುಂಬೈ ಎಂದೇ ಹೆಸರು. ಉಳ್ಳಾಗಡ್ಡಿ ಪೇಟೆಗೆ ಹೆಸರಾದ ಸೊಲ್ಲಾಪುರದವರು ಇದಕ್ಕೆ ನಕ್ಕು ಸುಮ್ಮನಾಗಬಹುದು.

ಪಾಸ್‌ಪೋರ್ಟ್ ಯಾರ ಕೈಯಲ್ಲಿ?

ಕಾಲೇಜಿನ ದಾಖಲಾತಿ, ವೀಸಾದ ಕೆಲಸ, ವಿದೇಶಿಯರಿಗೆ ವಲಸೆ ಇಲಾಖೆ ಕೊಡುವ ಎಸಿಆರ್ ಐ-ಕಾರ್ಡ್ ಎಂಬ ಗುರುತಿನ ಚೀಟಿ, ಇವೆಲ್ಲಕ್ಕೂ ಪಾಸ್‌ಪೋರ್ಟ್ ಬೇಕಾಗುತ್ತದೆ. ಕೆಲಸಕ್ಕೆಂದು ಕೊಟ್ಟಾಗ ರಸೀದಿ ಪಡೆದು, ಯಾವ ದಿನ ತಿರುಗಿ ಕೊಡುತ್ತಾರೆ ಎಂದು ಬರೆಸಿಕೊಳ್ಳಬೇಕು. ಕೆಲಸ ಮುಗಿದೊಡನೆ ತಿರುಗಿ ಪಡೆಯಬೇಕು. ಪಾಸ್‌ಪೋರ್ಟನ್ನು ಕಾಯಂ ತಮ್ಮಲ್ಲೇ ಇಟ್ಟುಕೊಳ್ಳುತ್ತೇವೆ ಎನ್ನುವ ಏಜಂಟರಿಗೆ ಒಪ್ಪಬಾರದು. ಪಾಸ್‌ಪೋರ್ಟ್, ವೀಸಾ, ಪ್ರವೇಶ ಪತ್ರ, ಹಣ ಕಟ್ಟಿದ ರಸೀದಿ, ಇವುಗಳ ಒಂದು ಸೆಟ್ ನಕಲು ಊರಲ್ಲಿ ಅಪ್ಪನ ಹತ್ತಿರವೂ ಇರಬೇಕು.

ಭಾರತದ ವಿದೇಶಾಂಗ ಇಲಾಖೆಯ ‘ಮದದ್’ ತಾಣದಲ್ಲಿ ವಿದೇಶದಲ್ಲಿ ಓದುವವರು ಹೆಸರು ನೋಂದಾಯಿಸಬಹುದು. ಭೂಕಂಪ, ಬಿರುಗಾಳಿಯಂಥ ಹೊತ್ತಿನಲ್ಲಿ ಮನಿಲಾದ ಭಾರತೀಯ ರಾಯಭಾರ ಕಚೇರಿಗೆ ಯಾರು ಎಲ್ಲಿದ್ದಾರೆ ಎಂದು ತಿಳಿಯಲು ಇದು ನೆರವಾಗುತ್ತದೆ. ಮೊದಲ ವಾರದಲ್ಲೇ ಮಾಡಿ ಮುಗಿಸಬೇಕಾದ ಕೆಲಸ ಇದು.

ಮನೆಯ ನೆನಪು

ಸಾಮಾನ್ಯವಾಗಿ ಮೂರನೆಯ ನಾಲ್ಕನೆಯ ದಿನ, ಹೊಸತನ ಕಳೆದ ಮೇಲೆ, ಅಳು ಬರುತ್ತದೆ. ಹೆಣ್ಣುಮಕ್ಕಳು ಅತ್ತು ಹೇಳುತ್ತಾರೆ, ಗಂಡುಮಕ್ಕಳು ಹೇಳದೆ ಊಟ ಬಿಡುತ್ತಾರೆ. ಸೆಪ್ಟೆಂಬರ್‌ನಲ್ಲಿ ಹೋದವರಿಗೆ ಇನ್ನೊಂದು ವಿಚಿತ್ರ. ಅಲ್ಲಿ ಕ್ರಿಸ್‌ಮಸ್ ಹಾಡುಗಳು ಸೆಪ್ಟೆಂಬರ್‌ನಿಂದಲೇ ಶುರುವಾಗುತ್ತವೆ. ಅಂಗಡಿಗಳಲ್ಲೆಲ್ಲ ಹಬ್ಬದ ದೀಪ, ತಮ್ಮ ಕೋಣೆಯಲ್ಲಿ ಗಣಪತಿಯೂ ಇಲ್ಲ. ಜನವರಿಯಲ್ಲಿ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯ ನಂದಿಧ್ವಜಗಳನ್ನು ಫೋನಿನಲ್ಲಿ ನೋಡುವಾಗ ಮತ್ತೊಮ್ಮೆ ಕಣ್ಣು ತುಂಬುತ್ತದೆ.

ಈ ಹೊತ್ತಿನಲ್ಲಿ ಮನೆಯವರ ಮಾತು ಬಹಳ ಕೆಲಸ ಮಾಡುತ್ತದೆ. ‘ಇಷ್ಟು ಸಾಲ ಮಾಡೀವಿ, ನೀ ಹಿಂಗ ಅತ್ತರ ಹೆಂಗ?’ ಎಂದು ಕೇಳಿದರೆ ಮಕ್ಕಳು ಮುಂದೆ ನಿಜ ಹೇಳುವುದನ್ನೇ ಬಿಡುತ್ತಾರೆ. ಕೋಣೆಯಲ್ಲಿ ತೊಂದರೆ, ಜ್ವರ, ತರಗತಿ ತಿಳಿಯದಿರುವುದು ಎಲ್ಲವೂ ಮುಚ್ಚಿಹೋಗಿ ವರ್ಷದ ಕೊನೆಗೆ ಫಲಿತಾಂಶದಲ್ಲಿ ಕಾಣುತ್ತದೆ. ಏನು ಉಂಡಿ, ಯಾರ ಜೊತೆ ಹೋದಿ, ಯಾವ ಪಾಠ ಆಯಿತು ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ. ವಾರ ಕಳೆದರೂ ಊಟ ನಿದ್ದೆ ಸರಿಹೋಗದಿದ್ದರೆ ಕಾಲೇಜಿನ ವಿದ್ಯಾರ್ಥಿ ಸಲಹೆಗಾರರನ್ನು ಕಾಣಲು ಹೇಳಬೇಕು. ಅದರಲ್ಲಿ ನಾಚಿಕೆ ಏನಿಲ್ಲ.

ಹದಿನೈದು ದಿನ ತುಂಬುವ ಹೊತ್ತಿಗೆ ಮನೆಯವರು ಕೇಳಿ ತಿಳಿಯಬೇಕಾದದ್ದು ಐದು. ಪಾಸ್‌ಪೋರ್ಟ್ ಮಗನ ಅಥವಾ ಮಗಳ ಕೈಯಲ್ಲಿದೆಯೇ? ವಿದ್ಯಾರ್ಥಿ ವೀಸಾದ ಕೆಲಸ ಎಲ್ಲಿಗೆ ಬಂತು? ಕಾಲೇಜಿನ ದಾಖಲಾತಿ ಪತ್ರದಲ್ಲಿ ಕೋರ್ಸಿನ ಹೆಸರು, ಅವಧಿ ಮೊದಲು ಹೇಳಿದ್ದೇ ಇದೆಯೇ? ಕಟ್ಟಿದ ಹಣಕ್ಕೆ ಕಾಲೇಜಿನ ರಸೀದಿ ಬಂದಿದೆಯೇ? ಪಕ್ಕದ ಕೋಣೆಯ ಒಬ್ಬ ಗೆಳೆಯನ ಫೋನ್ ಸಂಖ್ಯೆ ಮನೆಯಲ್ಲಿ ಬರೆದಿಟ್ಟಿದ್ದೀರಾ? ಐದರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಮುಂದಿನ ಕಂತು ಕಟ್ಟುವ ಮೊದಲು ಅದನ್ನು ಬಗೆಹರಿಸಿಕೊಳ್ಳಬೇಕು.